ಹಾಲುಕ್ಕಿದ ತಾರೀಖು

ನಮ್ಮ ಮನೆಯ ಗೃಹಪ್ರವೇಶದಲ್ಲಿ ಹಾಲುಕ್ಕಿಸಿದ್ದು ನಾನಲ್ಲ. ನನ್ನ ಗಂಡನೂ ಅಲ್ಲ. ನಮಗೆ ಮನೆ ಮಾರಿದ ನೋರಾ ಎಂಬ ಎಪ್ಪತ್ತು ದಾಟಿದ ಐರಿಷ್ ಹೆಂಗಸು.

ಹಾಗಾದರೆ ನಾವೆಲ್ಲಿದ್ದೆವು? ಮನೆಯ ಮುಂದೆ, ಆಕೆ ಕಾರು ನಿಲ್ಲಿಸುವ ಜಾಗದಲ್ಲಿ. ರೇಷ್ಮೆ ಸೀರೆಯ ಮೇಲೆ ರೇನ್‌ಕೋಟು, ಮುಖಕ್ಕೆ ಮಾಸ್ಕು. ರಸ್ತೆ ಕಡೆಗಿದ್ದ ಅಡುಗೆಮನೆ ಕಿಟಕಿಯೊಳಗೆ ಇಣುಕುತ್ತಾ ನಿಂತಿದ್ದೆವು. (ಎದುರು ಮನೆಯವರು ಮೊದಲು ಪರದೆ ಸರಿಸಿ ನೋಡಿದರು. ಆಮೇಲೆ ಕುರ್ಚಿ ಹಾಕಿಕೊಂಡು ನೋಡಿದರು.)

ಕೊರೊನಾದ ಮೊದಲ ವರ್ಷದ ಮಾತು ಇದು. ಡಬ್ಲಿನ್ ಪಕ್ಕದ ಆಡಮ್ಸ್‌ಟೌನ್‌ನಲ್ಲಿ ಮನೆ ನೋಡಿ, ಅಡ್ವಾನ್ಸ್ ಕೊಟ್ಟಿದ್ದೆವು. ಆದರೆ ಇಲ್ಲಿನ ವಕೀಲರು ಮೊದಲೇ ನಿಧಾನ. ಲಾಕ್‌ಡೌನ್ ಬಂದ ಮೇಲಂತೂ ಕೇಳಬೇಡಿ. ಕೀ ಕೈಗೆ ಬರುವ ಹೊತ್ತಿಗೆ ಡಿಸೆಂಬರ್ ಅರ್ಧ ಕಳೆಯುತ್ತದೆ ಎಂದರು. ಡಿಸೆಂಬರ್ ಅರ್ಧ ಎಂದರೆ ಏನು? ಧನುರ್ಮಾಸ. ಧನುರ್ಮಾಸದಲ್ಲಿ ಗೃಹಪ್ರವೇಶ ಮಾಡುವುದುಂಟೆ?

ಕೇಳಿದ್ದು ನಾನಲ್ಲ, ನನ್ನ ಮಾವ ನಂಜುಂಡಯ್ಯನವರು.

ಮಾವನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅವರು ನಮ್ಮ ಕಡೆಯ ಒಂದು ಪುರಸಭೆಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದವರು. (ಊರಿನ ಹೆಸರು ಬರೆಯಕೂಡದೆಂದು ಅವರದೇ ಆಜ್ಞೆ.) ಮನೆ ಕಂದಾಯ, ನೀರಿನ ಕಂದಾಯ, ಖಾತೆ, ನಕಲು, ಇವೇ ಅವರ ಬದುಕು. ನಾದಿನಿಯ ಬಾಣಂತನಕ್ಕೆಂದು ಅತ್ತೆ ಊರಲ್ಲೇ ಉಳಿದರು. ಮಾವ ಒಬ್ಬರೇ ಮೂರು ತಿಂಗಳಿಗೆಂದು ಫೆಬ್ರವರಿಯಲ್ಲಿ ಇಲ್ಲಿಗೆ ಬಂದರು. ಮಾರ್ಚಿನಲ್ಲಿ ವಿಮಾನಗಳು ನಿಂತವು. ಮಗು ಹುಟ್ಟಿತು, ಮಗುಚಿತು, ಅಂಬೆಗಾಲಿಟ್ಟಿತು. ತಾತ ಅದನ್ನೆಲ್ಲ ಫೋನಿನಲ್ಲೇ ನೋಡಿದರು. ಆಗಾಗ ವಿಶೇಷ ವಿಮಾನ ಬಿಟ್ಟರೂ, ಈ ವಯಸ್ಸಿನಲ್ಲಿ ಅಷ್ಟು ದೂರದ ಪ್ರಯಾಣ ಬೇಡವೆಂದು ನಾವೇ ತಡೆದೆವು.

ಅಂಥವರು ಮುಹೂರ್ತ ಕೇಳಿದರೆ ಇಲ್ಲ ಎನ್ನಲು ಮನಸ್ಸು ಬರುತ್ತದೆಯೆ? ಅಕ್ಟೋಬರ್ ಕೊನೆಯಲ್ಲಿ ವಿಜಯದಶಮಿ ಇತ್ತು. ಆ ದಿನಕ್ಕೆ ಪಂಚಾಂಗ ನೋಡುವುದೇ ಬೇಡ ಎಂದರು ಮಾವ. ನಮ್ಮ ಲೂಕನ್‌ನ ಬಾಡಿಗೆ ಫ್ಲ್ಯಾಟಿನಿಂದ ಈ ಮನೆ ಐದು ಕಿಲೋಮೀಟರಿನೊಳಗೇ ಇತ್ತು. ಅಷ್ಟು ದೂರ ಹೋಗಲು ಸರ್ಕಾರದ ಅನುಮತಿಯೂ ಇತ್ತು. ಆದರೆ ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ನನ್ನ ಗಂಡ ಸತೀಶ ನಾಚಿಕೊಳ್ಳುತ್ತಲೇ ನೋರಾಗೆ ಫೋನ್ ಮಾಡಿ ವಿಷಯ ಹೇಳಿದ. ಆಕೆ, ಹಾಲು ತಾನೇ ಕಾಯಿಸುತ್ತೇನೆ, ನೀವು ಕಿಟಕಿಯ ಹೊರಗೆ ನಿಂತು ಹೇಳಿಕೊಡಿ ಎಂದರು.

ಹೊಸ ಸ್ಟೀಲ್ ಪಾತ್ರೆಗೆ ಅರಿಶಿನದ ದಾರ ಕಟ್ಟಿ, ಕುಂಕುಮವಿಟ್ಟು, ಹಾಲಿನ ಜೊತೆ ಹೊಸ್ತಿಲ ಬಳಿ ಇಟ್ಟು ಹಿಂದೆ ಸರಿದೆ. ನೋರಾ ಬಾಗಿಲು ತೆರೆದು, ಪಾತ್ರೆ ಎತ್ತಿಕೊಂಡು, ಆಗಿನ ಎಲ್ಲರ ಪದ್ಧತಿಯಂತೆ ಸ್ಯಾನಿಟೈಸರ್ ವೈಪ್ ತೆಗೆದು ಚೆನ್ನಾಗಿ ಒರೆಸಿದರು. ಕುಂಕುಮ ಸಮೇತ. ಮಾವ ಕಣ್ಣು ಮುಚ್ಚಿಕೊಂಡರು.

ಹಾಲು ಒಲೆಯ ಮೇಲೆ ಏರಿತು. ಕಾದಿತು. ಇನ್ನೇನು ಉಕ್ಕಬೇಕು, ನೋರಾ ಟಕ್ಕನೆ ಉರಿ ಸಣ್ಣ ಮಾಡಿದರು! ಮಾವ ಕಿಟಕಿಯಾಚೆಯಿಂದ ಎರಡೂ ಕೈ ಎತ್ತಿ ಬಿಡಿ ಬಿಡಿ ಎಂದು ಸನ್ನೆ ಮಾಡಿದರು. ಆಕೆ ತಲೆಯಾಡಿಸಿ ಉರಿ ದೊಡ್ಡದು ಮಾಡಿದರು. ಹಾಲು ಮತ್ತೆ ಮೇಲೆ ಬಂತು. ಆಕೆ ಮತ್ತೆ ಸಣ್ಣ ಮಾಡಿದರು. ಅವರದೇನು ತಪ್ಪು? ಜೀವಮಾನವೆಲ್ಲ ಹಾಲು ಉಕ್ಕದಂತೆ ಕಾದ ಕೈ ಅದು. ಮೂರನೆಯ ಸಲ ಆಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮುಖ ಆ ಕಡೆ ತಿರುಗಿಸಿ ನಿಂತರು. ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ಪೂರ್ವಕ್ಕೇ ಇಳಿಯಿತು. ಮಾವ ತಮ್ಮ ಫೋನಿನ ದಿಕ್ಸೂಚಿ ನೋಡಿ ಖಚಿತ ಮಾಡಿಕೊಂಡು, ಮಾಸ್ಕಿನೊಳಗೇ ಅತ್ತರು.

ಇದಿಷ್ಟು ಗೃಹಪ್ರವೇಶ. ಪ್ರವೇಶ ಒಂದು ಬಿಟ್ಟು ಎಲ್ಲವೂ ಆಯಿತು.

ಡಿಸೆಂಬರಿನಲ್ಲಿ ನೋರಾ ಗಾಲ್ವೇಯಲ್ಲಿರುವ ಮಗಳ ಮನೆಯ ಹತ್ತಿರ ಹೋದರು. ನಮಗೆ ಕೀ ಸಿಕ್ಕಿತು. ರಟ್ಟಿನ ಡಬ್ಬಗಳ ಮಧ್ಯೆ ಕೂತು ಚಿತ್ರಾನ್ನ ತಿಂದೆವು. ಅಷ್ಟರಲ್ಲಿ ಮನೆ ತೆರಿಗೆಯ ಫಾರಂ ಬಂತು. ಮನೆ ಕೈ ಬದಲಾದಾಗ ಹೊಸ ಮಾಲೀಕರು ತಮ್ಮ ವಿವರ ಬರೆದು ಕಳಿಸಬೇಕು. ಆನ್‌ಲೈನಿನಲ್ಲೂ ಮಾಡಬಹುದು. ಆದರೆ ಆ ಕಾಗದದ ಫಾರಂ ಕಂಡ ಕೂಡಲೇ ಮಾವನ ಮುಖದಲ್ಲಿ ಹತ್ತು ತಿಂಗಳಿಂದ ಕಾಣದಿದ್ದ ಕಳೆ ಬಂತು. ನಾನು ಕೊಟ್ಟುಬಿಟ್ಟೆ.

ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರು. ಡೈನಿಂಗ್ ಟೇಬಲ್ ಆಫೀಸಾಯಿತು. ಈ ದೇಶದಲ್ಲಿ ಮನೆಯ ಬೆಲೆ ಎಷ್ಟೆಂದು ಮಾಲೀಕರೇ ಬರೆದುಕೊಡುತ್ತಾರೆ ಎಂದು ನಾನು ವಿವರಿಸಿದೆ. ಅಳತೆ ಟೇಪು ಹಿಡಿದು ಯಾರೂ ಬರುವುದಿಲ್ಲ ಎಂದೆ. ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಜನ ಬರ್ದಿದ್ದನ್ನ ಹಂಗೇ ನಂಬ್ತಾರೇನಮ್ಮ?"

ನಂಬುತ್ತಾರೆ ಮಾವ ಎಂದೆ. ಅವರು ಆ ದಿನವೆಲ್ಲ ಅದನ್ನೇ ಯೋಚಿಸುತ್ತಿದ್ದರು.

ಮುತ್ತಿನಂಥ ಅಕ್ಷರದಲ್ಲಿ ಫಾರಂ ತುಂಬಿ, ನಕಲು ತೆಗೆದಿಟ್ಟು, ಸತೀಶನ ಸಹಿ ಹಾಕಿಸಿ ಕಳಿಸಿದರು. ಕಳಿಸುವ ಮುಂಚೆ ಒಮ್ಮೆ ನೋಡು ಎಂದು ನನಗೂ ಕೊಟ್ಟಿದ್ದರು. ನೋಡಿದೆ. ಅಂದವಾಗಿದೆ ಎಂದೆ. (ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.)

ಫೆಬ್ರವರಿಯಲ್ಲಿ ಕವರು ಬಂತು. ಮೇಲೆ ಹಾರ್ಪ್ ವಾದ್ಯದ ಚಿತ್ರವಿದ್ದರೆ ಸರ್ಕಾರದ್ದೆಂದು ಲೆಕ್ಕ. ಒಳಗೆ ಈ ಇಡೀ ವರ್ಷದ ಮನೆ ತೆರಿಗೆಯ ಬಿಲ್ಲು, ಬೇಗ ಕಟ್ಟಿ ಎಂಬ ಸೂಚನೆ.

ಕಟ್ಟುವುದು ಹೇಗೆ? ಇಲ್ಲಿನ ನಿಯಮ ಬಹಳ ಸರಳ. ನವೆಂಬರ್ ಒಂದನೇ ತಾರೀಖು ಮನೆ ಯಾರದ್ದೋ, ಮುಂದಿನ ವರ್ಷದ ತೆರಿಗೆ ಅವರದ್ದು. ಆ ದಿನ ಮನೆ ನೋರಾದ್ದು. ಮಾರುವ ಮುಂಚೆಯೇ ಅವರ ವಕೀಲರು ಅದನ್ನು ಕಟ್ಟಿ, ರಸೀದಿಯನ್ನು ನಮ್ಮ ವಕೀಲರಿಗೆ ಕೊಟ್ಟಾಗಿತ್ತು. ಒಂದೇ ಮನೆಗೆ ಎರಡು ಸಲ ಕಂದಾಯವೆ?

ನಾನು ಬೇಗ ಸಿಟ್ಟಾಗುವವಳು. ಈಗಲೇ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತೇನೆ ಎಂದು ಎದ್ದೆ. ಮಾವ ತಡೆದರು. ಅವರಿಗೆ ಸಿಟ್ಟಿರಲಿಲ್ಲ, ಸಂಭ್ರಮವಿತ್ತು.

"ಫೋನಿಗೆ ದಾಖಲೆ ಇರಲ್ಲ ಕಣಮ್ಮ. ತಕರಾರು ಅರ್ಜಿ ಹಾಕ್ಬೇಕು."

ಇಡೀ ಸರ್ವೀಸಿನಲ್ಲಿ ಅವರು ತಕರಾರು ಅರ್ಜಿಗಳನ್ನು ತೆಗೆದುಕೊಂಡವರು. ಬರೆದವರಲ್ಲ. ಹೀಗಾಗಿ ಒಂದು ಕೈ ನೋಡಿಯೇಬಿಡೋಣ ಎಂದು ಕೂತರು. ಇಂದ, ಗೆ, ಮಾನ್ಯರೇ, ವಿಷಯ, ಉಲ್ಲೇಖ, ಎಲ್ಲವೂ ಇಂಗ್ಲಿಷಿನಲ್ಲಿ ಇಳಿದವು. ಸ್ವೀಕೃತಿ ಬರುವಂತೆ ರಿಜಿಸ್ಟರ್ಡ್ ಪೋಸ್ಟೇ ಆಗಬೇಕೆಂದರು. ಪೋಸ್ಟಾಫೀಸಿನ ಹುಡುಗಿ ಸ್ಲಿಪ್ಪು ಕೊಟ್ಟಾಗ ಅದರ ಮೇಲೆ ಸೀಲು ಬೇಕೆಂದು ಕೇಳಿದರಂತೆ. ಆಕೆ ಹುಡುಕಿ ತಂದು ಹೊಡೆದುಕೊಟ್ಟಳಂತೆ. ಆ ಸಂಜೆ ಮಾವ ಎರಡು ಸಲ ಸಾರು ಹಾಕಿಸಿಕೊಂಡರು.

ಎರಡು ವಾರ ಉತ್ತರವಿಲ್ಲ. ಕೊರೊನಾ ಕಾಲ, ಆಫೀಸಿನಲ್ಲಿ ಟಪಾಲು ಒಡೆಯುವವರು ಯಾರು? ನನ್ನ ತಾಳ್ಮೆ ಮುಗಿಯಿತು. ತೆರಿಗೆ ಆಫೀಸಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಕಾಯಿಸುವಾಗ ಅವರು ಕೇಳಿಸುವ ಪಿಟೀಲು ಕೇಳುತ್ತಾ ಒಂದು ಬಟ್ಟಲು ಬೀನ್ಸ್ ಹೆಚ್ಚಿದೆ. ಮಾವ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತರು. ಯಾರು ಮಾತಾಡಿದರು, ಏನು ಹೇಳಿದರು, ಎಲ್ಲ ಬರೆದುಕೊಳ್ಳಬೇಕಂತೆ.

ಕೊನೆಗೆ ಐಲೀನ್ ಎಂಬಾಕೆ ಸಿಕ್ಕಿದರು. ಮನೆಯಿಂದಲೇ ಕೆಲಸ. ಹಿಂದೆ ನಾಯಿ ಬೊಗಳುತ್ತಿತ್ತು. ನಾನು ಬಾಯಿಗೆ ಬಂದಂತೆ ಅಲ್ಲದಿದ್ದರೂ ಅದರ ಹತ್ತಿರಕ್ಕೆ ಹೋಗಿ ಮಾತಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ನಾಯಿಯನ್ನು ಗದರಿಸಿ, ಫೈಲು ತೆರೆದು, ಮೆತ್ತಗೆ ಹೇಳಿದರು. ಮನೆ ನಿಮ್ಮದಾಗಿದ್ದು ಅಕ್ಟೋಬರಿನಲ್ಲಿ ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ. ನೀವು ಬರೆದದ್ದನ್ನೇ ನಾವು ನಂಬಿದ್ದೇವೆ.

ಮಾವನ ಪೆನ್ನು ನಿಂತಿತು.

'ಮನೆ ನಿಮ್ಮದಾದ ದಿನಾಂಕ' ಎಂಬ ಚೌಕದಲ್ಲಿ ಮಾವ ಬರೆದಿದ್ದು ವಿಜಯದಶಮಿಯ ತಾರೀಖು. ಹಾಲುಕ್ಕಿದ ತಾರೀಖು.

ಐಲೀನ್ ಗಾಬರಿಪಡಬೇಡಿ ಎಂದರು. ತಾರೀಖು ತಪ್ಪಾಗಿ ನಮೂದಾಗಿದೆ ಎಂದು ಒಂದು ಸಾಲು ಬರೆದು, ವಕೀಲರ ಪತ್ರ ಲಗತ್ತಿಸಿ ಕಳಿಸಿದರೆ ಸಾಕು, ಯೂ ವಿಲ್ ಬಿ ಗ್ರ್ಯಾಂಡ್ ಎಂದರು. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಎಲ್ಲ ಸರಿಹೋಗುತ್ತದೆ ಎಂದಷ್ಟೇ ಅರ್ಥ. ಆದರೆ ನಮ್ಮ ಮನೆಯಲ್ಲಿ ಏನೂ ಸರಿಹೋಗಲಿಲ್ಲ. ಮಾವ ನೋಟ್‌ಬುಕ್ ಮುಚ್ಚಿ ಹಿತ್ತಲಿಗೆ ಹೋದರು. ಮಂಕಿ ಕ್ಯಾಪ್ ಇಲ್ಲದೆ, ಆ ಚಳಿಯಲ್ಲಿ.

ಎರಡು ದಿನ ಇಸ್ತ್ರಿ ಶರ್ಟು ಬೀರುವಿನಲ್ಲೇ ಉಳಿಯಿತು. ಊರಿನ ಫೋನು ಬಂದರೆ ಚುಟುಕಾಗಿ ಮಾತಾಡಿ ಇಟ್ಟುಬಿಡುತ್ತಿದ್ದರು. ತಪ್ಪು ನನ್ನದೂ ಹೌದು, ನಾನೂ ನೋಡಿ ಕಳಿಸಿದ್ದೆ ಎಂದರೆ, ಬಿಡಮ್ಮ ಎಂದು ಕೈಯಾಡಿಸಿದರು. ಅವರ ಕೆಲಸದಲ್ಲಿ ಯಾವತ್ತೂ ಒಂದು ಅಂಕಿ ಆಚೀಚೆ ಆಗಿರಲಿಲ್ಲವಂತೆ. ಈ ಹೊಸ ದೇಶದಲ್ಲಿ ಅವರ ಕೈಗೆ ಸಿಕ್ಕಿದ್ದು ಒಂದೇ ಒಂದು ಕೆಲಸ. ಅದೂ ಹೀಗಾಯಿತಲ್ಲ ಎಂದು ನನಗೆ ನಿಜವಾಗಿ ಸಂಕಟವಾಯಿತು.

ಮೂರನೇ ದಿನ ಬೆಳಗ್ಗೆ ನಾನು ಲ್ಯಾಪ್‌ಟಾಪ್ ತೆರೆದು, ತಾರೀಖು ತಪ್ಪಾಗಿದೆ ಎಂಬ ಆ ಒಂದು ಸಾಲು ಬರೆಯತೊಡಗಿದೆ. ಮಾವ ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತರು.

"ಆ ತಾರೀಖು ತಪ್ಪು ಅಂತ ಮಾತ್ರ ಬರೀಬೇಡ. ಹಾಲುಕ್ಕಿದ್ದು ಸುಳ್ಳಾ?"

ನನಗೆ ರೇಗಿತು. ಹಾಗಾದರೆ ಹಾಲುಕ್ಕಿದ ಸಂತೋಷಕ್ಕೆ ಎರಡೆರಡು ಸಲ ತೆರಿಗೆ ಕಟ್ಟೋಣವೇ ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕೂತು, ಹೂವಿನ ಸರೋಜಮ್ಮನ ಕತೆ ಹೇಳಿದರು.

ಸರೋಜಮ್ಮ ಅವರೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವಾಕೆ. ಮೊಳ ಮೊಳ ಹೂವಿನ ದುಡ್ಡು ಕೂಡಿಸಿ ಎರಡು ರೂಮಿನ ಮನೆ ಕಟ್ಟಿಸಿದ್ದಳು. ಪುರಸಭೆಯ ಪುಸ್ತಕದಲ್ಲಿ ಯಾರೋ ಒಂದು ವರ್ಷ ಹಿಂದಿನ ತಾರೀಖು ಹತ್ತಿಸಿದ್ದರಿಂದ, ಮನೆಗೆ ಸೂರೇ ಇಲ್ಲದ ವರ್ಷಕ್ಕೂ ಕಂದಾಯ ಬಂದಿತ್ತು. ಆಕೆ ದಾಖಲೆಯೆಂದು ತಂದಿದ್ದು ಗೃಹಪ್ರವೇಶದ ಪತ್ರಿಕೆ, ಮೂಲೆಗೆ ಅರಿಶಿನ ಹಚ್ಚಿದ್ದು. ಮಾವ ಅದನ್ನು ಮುಟ್ಟದೆ, ಇದು ದಾಖಲೆ ಅಲ್ಲ ಎಂದಿದ್ದರು. ಆಮೇಲೆ ಕಟ್ಟಡದ ಲೈಸೆನ್ಸ್ ನಕಲು ತಾ ಎಂದರು. ತಂದಾಗ ಕರೆಂಟ್ ಬಿಲ್ ತಾ ಎಂದರು. ಅದನ್ನು ತಂದಾಗ ಸಾಹೇಬರು ರಜೆ ಎಂದರು. ಹನ್ನೊಂದು ಸಲ ಅಲೆದ ಮೇಲೆ ಸರೋಜಮ್ಮ ಸುಮ್ಮನೆ ದುಡ್ಡು ಕಟ್ಟಿ ಹೋದಳಂತೆ.

"ಪತ್ರಿಕೆಲಿದ್ದ ತಾರೀಖೇ ನಿಜ ಅಂತ ನಂಗೆ ಗೊತ್ತಿತ್ತಮ್ಮ," ಎಂದರು ಮಾವ. "ಅವತ್ತು ಕರೆದಿದ್ಲು. ಹೋಗಿ ಹೋಳಿಗೆ ಊಟ ಮಾಡ್ಕಂಡು ಬಂದಿದ್ದೆ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ನೋಡಿ, ನಾವೆಲ್ಲರೂ ಸರ್ಕಾರಿ ಕೌಂಟರಿನ ಈ ಕಡೆ ನಿಂತು ಬೈದುಕೊಂಡವರೇ. ಆ ಕಡೆ ಕೂತವರು ನಮ್ಮ ಮನೆಯಲ್ಲೇ ಸಾರು ಹಾಕಿಸಿಕೊಳ್ಳುತ್ತಿರುತ್ತಾರೆ ಎಂಬುದು ನಮಗೆ ನೆನಪಿರುವುದಿಲ್ಲ. ಮಾವನ ಸಂಬಳದಲ್ಲಿ ಓದಿದ ಸತೀಶನಿಗಾಗಲಿ, ಅವರು ತಂದ ಚಕ್ಕುಲಿ ತಿಂದ ನನಗಾಗಲಿ ನೆನಪಾಗಿತ್ತೆ?

ಮಾವ ಎದ್ದು ಹೋಗಿ ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. ಅರ್ಜಿಯನ್ನು ಅವರೇ ಬರೆದರು, ನಾನು ಇಂಗ್ಲಿಷ್ ಒಂದಿಷ್ಟು ತಿದ್ದಿದೆ. ಅದರ ಸಾರಾಂಶ ಇಷ್ಟು. ಅಕ್ಟೋಬರಿನ ಆ ತಾರೀಖಿನಂದು ಸದರಿ ಮನೆಯಲ್ಲಿ ಹಾಲು ಉಕ್ಕಿದ್ದು ಸತ್ಯ. ಡಿಸೆಂಬರಿನಲ್ಲಿ ಮನೆ ನಮ್ಮ ಹೆಸರಿಗೆ ಆಗಿದ್ದೂ ಸತ್ಯ. ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಬರೆದಿದ್ದು ಅರ್ಜಿದಾರರ ತಂದೆಯ ತಪ್ಪು. ಕೆಳಗೆ ಸಹಿ, ನಿವೃತ್ತ ಬಿಲ್ ಕಲೆಕ್ಟರ್. ಲಗತ್ತು ಒಂದು, ವಕೀಲರ ಪತ್ರ.

ಲಗತ್ತು ಎರಡನ್ನು ಯಾರೂ ಕೇಳಿರಲಿಲ್ಲ. ಆದರೆ ಸಾಕ್ಷಿ ಇಲ್ಲದ ಅರ್ಜಿ ಮಾವನಿಗೆ ಅರ್ಜಿಯೇ ಅಲ್ಲ. ನೋರಾಗೆ ಫೋನ್ ಮಾಡಿದೆವು. ಆಕೆ ಹೂವಿನ ಚಿತ್ರವಿದ್ದ ಕಾರ್ಡಿನಲ್ಲಿ ಕೈಯಾರೆ ಬರೆದು ಕಳಿಸಿದರು. ಆ ದಿನ ಮನೆ ನನ್ನದು, ಒಲೆ ನನ್ನದು, ಹಾಲು ಮಾತ್ರ ಅವರದು, ಆಮೇಲೆ ಒರೆಸಿದವಳೂ ನಾನೇ.

ಈ ಸಲ ವಾರದೊಳಗೆ ಐಲೀನ್ ತಾವೇ ಫೋನ್ ಮಾಡಿದರು. ಬಿಲ್ಲು ರದ್ದಾಗಿದೆ ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, ಒಂದು ಪ್ರಶ್ನೆ ಕೇಳಬಹುದೇ ಎಂದರು. ಹಾಲು ಉಕ್ಕಿಸಲು ಪಾತ್ರೆ ತುಂಬ ಹಾಕಬೇಕೋ, ಅರ್ಧ ಸಾಕೋ? ಆಕೆಯ ಮಗನೂ ಮುಂದಿನ ತಿಂಗಳು ಹೊಸ ಮನೆಗೆ ಹೋಗುತ್ತಿದ್ದಾನಂತೆ. ಮಾವ ಫೋನ್ ಕಿತ್ತುಕೊಂಡು, ತಮ್ಮ ಪುರಸಭೆಯ ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದರು. ಪೂರ್ವ ದಿಕ್ಕಿನ ವಿಷಯ ಎರಡು ಸಲ ಹೇಳಿದರು.

ಪತ್ರವೂ ಬಂತು. ಕೊನೆಯಲ್ಲಿ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದಿತ್ತು. ತಪ್ಪು ನಮ್ಮದು, ವಿಷಾದ ಅವರದು. ಮಾವ ಆ ಸಾಲನ್ನು ಓದಿದರು, ಪತ್ರ ಮಡಿಸಿದರು, ಮತ್ತೆ ಬಿಚ್ಚಿ ಓದಿದರು. ಅದು ಕಂಪ್ಯೂಟರ್ ತಾನಾಗಿ ಹಾಕುವ ಸಾಲು ಮಾವ, ಎಲ್ಲರಿಗೂ ಹಾಕುತ್ತದೆ ಎಂದೆ.

"ಇರ್ಲಿ ಬಿಡಮ್ಮ. ಕಂಪ್ಯೂಟರಿಗಾದ್ರೂ ಹೇಳ್ಕೊಟ್ಟಿದಾರಲ್ಲ," ಎಂದರು.

ಮರುದಿನವೇ ಹಳೆಯ ಅಟೆಂಡರ್ ಒಬ್ಬರಿಗೆ ಫೋನ್ ಮಾಡಿ, ಹೂವಿನ ಸರೋಜಮ್ಮನ ನಂಬರ್ ಹುಡುಕಿಸಿದರು. ಆಕೆ ಚೆನ್ನಾಗಿದ್ದಾಳೆ, ಲಾಕ್‌ಡೌನಿನಲ್ಲಿ ವ್ಯಾಪಾರ ಬಿದ್ದಿತ್ತು, ಈಗ ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಿದ್ದಾಳೆ ಎಂದು ಗೊತ್ತಾಯಿತು. ಏನು ಮಾತಾಡಬೇಕೆಂದು ಮಾವ ಒಂದು ಹಾಳೆಯಲ್ಲಿ ಬರೆದುಕೊಂಡರು. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ತೊಟ್ಟು, ಡೈನಿಂಗ್ ಟೇಬಲ್ಲಿಗೆ ಕೂತರು. ಹಾಳೆ ಹಿಡಿಯಲು ಕೈ ಬೇಕೆಂದು ಫೋನು ಸ್ಪೀಕರಿನಲ್ಲಿಟ್ಟರು. ನಾನೂ ಸತೀಶನೂ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆವು.

ಸರೋಜಮ್ಮನ ಮಗಳು ಎತ್ತಿ, ತಾಯಿಗೆ ಕೊಟ್ಟಳು. ಮಾವ ಗಂಟಲು ಸರಿಮಾಡಿಕೊಂಡು, ಸರೋಜಮ್ಮ, ನಾನು ಪುರಸಭೆಯ ಬಿಲ್ ಕಲೆಕ್ಟರ್ ನಂಜುಂಡಯ್ಯ ಎಂದರು. ಆ ಕಡೆ ಬಸ್ಸಿನ ಹಾರನ್ ಕೇಳಿಸಿತು. ಮಾವ ಹಾಳೆ ಬಿಡಿಸಿ, ಮೊದಲ ಸಾಲು ಓದಲು ಬಾಯಿ ತೆರೆದರು.

ಅಷ್ಟರಲ್ಲಿ ಸರೋಜಮ್ಮನೇ ಕೇಳಿದಳು.

"ಹೇಳಿ ಸಾರ್. ಈ ಸಲ ಏನೇನು ದಾಖಲೆ ತರ್ಬೇಕು?"